ಓದುಗರು ಕೇಳಿದ್ದು: ಯುದ್ಧನೌಕೆಯ ತೋಪುಗಳು ಮತ್ತು ಗುರಿಯ ಲೆಕ್ಕ

ಜರ್ಮನಿಯ ಎಂಡೆನ್ ಎಂಬ ಯುದ್ಧನೌಕೆಯು 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್ ಬಂದರಿನ ಮೇಲೆ ಸುಮಾರು 130 ಗುಂಡುಗಳನ್ನು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟು, ಬಂದ ಹಾಗೆಯೇ ಕತ್ತಲಲ್ಲಿ ಮರೆಯಾದ ಪ್ರಸಂಗವನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆವು. ಕಡಲ ಕಿನಾರೆಯೇ ಇಲ್ಲದ ನಮ್ಮ ಮೂರು ಜಿಲ್ಲೆಗಳಿಂದ ಅದಕ್ಕೆ ಇಷ್ಟೊಂದು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರಿನ ಮಲಿಕ್-ಎ-ಮೈದಾನ ತೋಪಿನ ಬಾಯಿ 700 ಮಿ.ಮೀ. ಅಗಲವಿದೆ. 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನ ತೋಪುಗಳ ಬಾಯಿ ಬರೀ 305 ಮಿ.ಮೀ. ಎಂದು ಓದಿದೆ. ಹಾಗಾದರೆ ನಮ್ಮದೇ ದೊಡ್ಡದಲ್ಲವೇ? (ಹೈಸ್ಕೂಲ್ ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಬಾಯಿಯ ಅಗಲವನ್ನೇ ಅಳತೆಗೋಲಾಗಿ ಹಿಡಿದರೆ ನಿಮ್ಮೂರಿನ ತೋಪೇ ಗೆದ್ದಿತು. ಆದರೆ ಎರಡರ ತೂಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದು, 1632ರಲ್ಲಿ ಪರಂಡಾ ಕೋಟೆಯಿಂದ ವಿಜಯಪುರಕ್ಕೆ ತಂದ ಮಲಿಕ್-ಎ-ಮೈದಾನದ ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ತುಸು ಕಡಿಮೆ. ಡ್ರೆಡ್‌ನಾಟ್‌ನ ಹತ್ತು ತೋಪುಗಳಲ್ಲಿ ಒಂದೊಂದರ ತೂಕವೂ ಹೆಚ್ಚುಕಡಿಮೆ ಅಷ್ಟೇ, 58 ಟನ್ನಿನ ಆಸುಪಾಸು. ಆದರೆ ಉದ್ದ ಮಾತ್ರ ಹದಿನಾಲ್ಕು ಮೀಟರಿನಷ್ಟು. ಅಷ್ಟೇ ಲೋಹವನ್ನು ಒಬ್ಬರು ಅಗಲಕ್ಕೆ ಖರ್ಚು ಮಾಡಿದರು, ಇನ್ನೊಬ್ಬರು ಉದ್ದಕ್ಕೆ. ಈ ವ್ಯತ್ಯಾಸಕ್ಕೆ ಕಾರಣ ಒಳಗೆ ತುಂಬುತ್ತಿದ್ದ ಮದ್ದು.

ಹಳೆಯ ಕರಿಮದ್ದು ಕಿಡಿ ತಾಗಿದೊಡನೆ ಭಗ್ಗೆಂದು ಒಮ್ಮೆಲೇ ಉರಿದು ಮುಗಿಯುವುದರಿಂದ, ನಳಿಗೆಯನ್ನು ಇನ್ನಷ್ಟು ಉದ್ದ ಮಾಡಿದರೂ ಗುಂಡಿಗೆ ಹೆಚ್ಚಿನ ನೂಕು ಸಿಗುತ್ತಿರಲಿಲ್ಲ. ಮೇಲಾಗಿ ಕಲ್ಲಿನ ಗುಂಡಿಗೂ ನಳಿಗೆಯ ಗೋಡೆಗೂ ನಡುವಿನ ಸಂದಿನಲ್ಲಿ ಬಿಸಿ ಅನಿಲ ಸೋರಿಹೋಗುತ್ತಿತ್ತು. 1889ರಲ್ಲಿ ಬ್ರಿಟನ್ನಿನ ಏಬಲ್ ಮತ್ತು ಡ್ಯೂವರ್ ಎಂಬ ವಿಜ್ಞಾನಿಗಳು ರೂಪಿಸಿದ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಈ ತೊಡಕನ್ನು ಬಿಡಿಸಿತು. ನೈಟ್ರೋಗ್ಲಿಸರಿನ್ ಮತ್ತು ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಯನ್ನು ಅಸಿಟೋನ್ ಹಾಕಿ ನಾದಿ, ನಮ್ಮ ಮನೆಗಳಲ್ಲಿ ಶಾವಿಗೆ ಒತ್ತುವ ಹಾಗೆಯೇ ತೂತುಗಳ ಅಚ್ಚಿನಿಂದ ಒತ್ತಿ, ಎಳೆಗಳನ್ನು ಒಣಗಿಸುತ್ತಿದ್ದರು. ಎಳೆ ದಪ್ಪವಿದ್ದಷ್ಟೂ ಉರಿ ನಿಧಾನ. ದೊಡ್ಡ ತೋಪಿಗೆ ದಪ್ಪ ಎಳೆ, ಸಣ್ಣದಕ್ಕೆ ತೆಳುವಾದದ್ದು. ಹೀಗೆ ಉರಿಯುವ ವೇಗವೇ ತಯಾರಕರ ಕೈಗೆ ಬಂದಿತು. ಗುಂಡು ನಳಿಗೆಯಲ್ಲಿ ಮುಂದೆ ಸರಿದಂತೆಲ್ಲ ಹಿಂದಿನಿಂದ ಅನಿಲ ಹುಟ್ಟುತ್ತಲೇ ಇದ್ದು ನೂಕುತ್ತಲೇ ಇರುವುದರಿಂದ, ಉದ್ದನೆಯ ನಳಿಗೆಗೆ ಈಗ ಅರ್ಥ ಬಂದಿತು. ಡ್ರೆಡ್‌ನಾಟ್‌ನ 386 ಕಿಲೋ ತೂಕದ ಉಕ್ಕಿನ ಗುಂಡು ಸೆಕೆಂಡಿಗೆ 830 ಮೀಟರ್ ವೇಗದಲ್ಲಿ ಬಾಯಿಂದ ಹೊರಬಿದ್ದು, ಸುಮಾರು 15 ಕಿ.ಮೀ. ದೂರಕ್ಕೆ ಹೋಗಿ ಬೀಳುತ್ತಿತ್ತು. ನಿಮ್ಮ ವಿಜಯಪುರದ ಕೋಟೆಗೋಡೆಯನ್ನು ಒಂದು ಸುತ್ತು ಹಾಕಿದರೆ 10 ಕಿ.ಮೀ. ಆಗುತ್ತದೆ, ಅದರ ಒಂದೂವರೆಯಷ್ಟು.

ಮದ್ದಿಗೆ ಬೇಕಾದ ಅಸಿಟೋನಿಗೆ ಮೊದಲ ಮಹಾಯುದ್ಧದಲ್ಲಿ ಕೊರತೆ ಬಿದ್ದಾಗ, ಖೈಮ್ ವೈಜ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಗೋವಿನಜೋಳದ ಪಿಷ್ಟವನ್ನು ಹುಳಿಸಿ ಅದನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಮುಂದೆ ಇಸ್ರೇಲಿನ ಮೊದಲ ರಾಷ್ಟ್ರಾಧ್ಯಕ್ಷರಾದವರು ಇವರೇ.

ಶೆರ್ಜಾ ಬುರುಜಿನ ಮೇಲೆ ನಿಂತಾಗ, ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿಯಂತೆ ಕೆತ್ತಿದ ಆ ತೋಪಿನ ಮೂತಿಯನ್ನು ಎಲ್ಲರೂ ನೋಡುತ್ತಾರೆ. ಮುಂದಿನ ಸಲ ಹೋದಾಗ ಉಪ್ಪಲಿ ಬುರುಜನ್ನೂ ಹತ್ತಿ. ಅಲ್ಲಿ ಸುಮಾರು ಒಂಬತ್ತು ಮೀಟರ್ ಉದ್ದದ ಕಬ್ಬಿಣದ ತೋಪೊಂದಿದೆ. ಉದ್ದದ ಆಸೆ ಆದಿಲ್‌ಶಾಹಿ ಕಾಲದವರಿಗೂ ಇತ್ತು, ಅದಕ್ಕೆ ತಕ್ಕ ಮದ್ದು ಮಾತ್ರ ಇರಲಿಲ್ಲ.

ಪ್ರಶ್ನೆ: ನಾನು ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಆ ಕಾಲದಲ್ಲಿ ಅಷ್ಟು ಭಾರದ ತೋಪುಗಳನ್ನು ಹಡಗಿನ ಮೇಲೆ ತಿರುಗಿಸುತ್ತಿದ್ದುದು ಹೇಗೆ? ನಳಿಗೆಯನ್ನು ಎರಕ ಹೊಯ್ಯುತ್ತಿದ್ದರೇ? (ಉದ್ಯಮಬಾಗ, ಬೆಳಗಾವಿ)

ಉತ್ತರ: ತಿರುಗಿಸುತ್ತಿದ್ದುದು ನಿಮ್ಮ ಕಸುಬಿನಿಂದಲೇ. ಎರಡು ತೋಪು, ಅವುಗಳ ಸುತ್ತಲಿನ ಉಕ್ಕಿನ ಕವಚ, ಕೆಳಗಿನ ಯಂತ್ರೋಪಕರಣ ಎಲ್ಲ ಸೇರಿ ನೂರಾರು ಟನ್ ತೂಗುವ ಟರೆಟನ್ನು ಬ್ರಿಟಿಷ್ ನೌಕೆಗಳಲ್ಲಿ ತಿರುಗಿಸುತ್ತಿದ್ದುದು, ತೋಪನ್ನು ಏರಿಸಿ ಇಳಿಸುತ್ತಿದ್ದುದು, ಗುಂಡನ್ನು ಕೆಳಗಿನ ಕೋಣೆಯಿಂದ ಮೇಲೆತ್ತಿ ನಳಿಗೆಯೊಳಗೆ ದಬ್ಬುತ್ತಿದ್ದುದು, ಎಲ್ಲವೂ ಉಗಿಯಂತ್ರದ ಪಂಪುಗಳು ಒತ್ತಡ ಕೊಟ್ಟ ನೀರಿನಿಂದ ನಡೆಯುತ್ತಿತ್ತು. ಈ ತೋಪುಗಳನ್ನು ತಯಾರಿಸಿದ ದೊಡ್ಡ ಕಂಪನಿಗಳಲ್ಲಿ ಒಂದನ್ನು ನ್ಯೂಕಾಸಲ್ ಪಟ್ಟಣದಲ್ಲಿ ಕಟ್ಟಿದ ವಿಲಿಯಂ ಆರ್ಮ್‌ಸ್ಟ್ರಾಂಗ್ ಮೊದಲು ಹೆಸರು ಮಾಡಿದ್ದೇ ನೀರಿನ ಒತ್ತಡದಿಂದ ಭಾರ ಎತ್ತುವ ಕ್ರೇನುಗಳಿಂದ. 1908ರ ಇನ್‌ವಿನ್ಸಿಬಲ್ ನೌಕೆಯಲ್ಲಿ ಹೈಡ್ರಾಲಿಕ್ಕನ್ನು ಬಿಟ್ಟು ವಿದ್ಯುತ್ತಿನಿಂದ ಟರೆಟ್ ತಿರುಗಿಸುವ ಪ್ರಯೋಗ ನಡೆಯಿತು. ಅದು ಎಷ್ಟು ಕಾಡಿತೆಂದರೆ, ಹಲವು ವರ್ಷ ರಿಪೇರಿಯಲ್ಲೇ ಕಳೆದು, 1914ರಲ್ಲಿ ವಿದ್ಯುತ್ ಯಂತ್ರಗಳನ್ನೆಲ್ಲ ಕಿತ್ತು ಮತ್ತೆ ಹೈಡ್ರಾಲಿಕ್ಕನ್ನೇ ಕೂಡಿಸಬೇಕಾಯಿತು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ತೋಪನ್ನು ತಡೆದು ಮತ್ತೆ ಮೊದಲಿನ ಜಾಗಕ್ಕೆ ತಂದು ನಿಲ್ಲಿಸುವ ಕೆಲಸದಲ್ಲಿಯೂ ಸಿಲಿಂಡರು ಮತ್ತು ಪಿಸ್ಟನ್ನುಗಳದೇ ಪಾಲು ದೊಡ್ಡದು.

ಇನ್ನು ನಳಿಗೆ. ಅದನ್ನು ಎರಕ ಹೊಯ್ದು ಮುಗಿಸುತ್ತಿರಲಿಲ್ಲ. ಉಕ್ಕಿನ ಗಟ್ಟಿಯನ್ನು ಕಾಯಿಸಿ, ಬಡಿದು, ಒಳಗೆ ಕೊರೆದು ಮಾಡಿದ ಕೊಳವೆಯ ಮೇಲೆ ಚಪ್ಪಟೆಯಾದ ಉಕ್ಕಿನ ಪಟ್ಟಿಯನ್ನು ಬಿಗಿಯಾಗಿ ಎಳೆದು, ಪದರದ ಮೇಲೆ ಪದರವಾಗಿ, ಮೈಲಿಗಟ್ಟಲೆ ಸುತ್ತುತ್ತಿದ್ದರು. ಅದರ ಮೇಲೆ ಹೊರಗಿನ ಕೊಳವೆಯನ್ನು ಕಾಯಿಸಿ ಹಿಗ್ಗಿಸಿ ತೊಡಿಸಿದರೆ, ತಣ್ಣಗಾಗುತ್ತ ಅದು ಒಳಗಿನದನ್ನು ಬಿಗಿದು ಹಿಡಿಯುತ್ತಿತ್ತು. ಚಕ್ಕಡಿಯ ಗಾಲಿಗೆ ಹಳಿ ಕೂಡಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿಯನ್ನು ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸಿ, ಕಟ್ಟಿಗೆ ಹೊಗೆಯಾಡುವಷ್ಟರಲ್ಲಿ ನೀರು ಸುರಿದರೆ, ಸಂದುಗಳೆಲ್ಲ ಕಿರ್ರೆಂದು ಕೂಡಿಕೊಳ್ಳುತ್ತವೆ. ಹೀಗೆ ಮೊದಲೇ ಒಳಮುಖವಾಗಿ ಬಿಗಿದಿಟ್ಟ ಕೊಳವೆಯು ಮದ್ದಿನ ಒತ್ತಡವನ್ನು, ಒಂದೇ ದಪ್ಪ ಉಕ್ಕಿನ ಕೊಳವೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೂ ಕಾರ್ಡೈಟಿನ ಉರಿ ಒಳಮೈಯನ್ನು ತಿನ್ನುತ್ತ ಹೋಗುತ್ತಿದ್ದುದರಿಂದ, ಕೆಲವು ನೂರು ಗುಂಡು ಹಾರಿಸುವಷ್ಟರಲ್ಲಿ ಒಳಗಿನ ಕೊಳವೆಯನ್ನು ಬದಲಿಸಬೇಕಾಗುತ್ತಿತ್ತು.

ಪ್ರಶ್ನೆ: ತನ್ನ ಹಡಗು ಓಲಾಡುತ್ತಿರುತ್ತದೆ, ಎದುರಿನ ಹಡಗು ಓಡುತ್ತಿರುತ್ತದೆ. ಕಂಪ್ಯೂಟರು ಇಲ್ಲದ ಕಾಲದಲ್ಲಿ ಹತ್ತು ಕಿ.ಮೀ. ಆಚೆಗೆ ಗುರಿಯಿಡುತ್ತಿದ್ದುದು ಹೇಗೆ? (ಗಣಿತ ಶಿಕ್ಷಕರು, ಜಮಖಂಡಿ)

ಉತ್ತರ: ಬಂದ ಪ್ರಶ್ನೆಗಳಲ್ಲಿ ಇದೇ ತಿರುಳಿನದು. ತೋಪು ಮಾಡುವುದಕ್ಕಿಂತ ಗುರಿ ತಾಗಿಸುವುದೇ ಆ ಕಾಲದ ನೌಕಾಪಡೆಗಳಿಗೆ ಕಠಿಣವಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಓಲಾಟ. ಹತ್ತು ಕಿ.ಮೀ. ದೂರದಲ್ಲಿ ನಳಿಗೆಯ ಏರು ಒಂದೇ ಒಂದು ಡಿಗ್ರಿ ತಪ್ಪಿದರೂ ಗುಂಡು ಹೆಚ್ಚುಕಡಿಮೆ ಒಂದು ಕಿ.ಮೀ. ಆಚೀಚೆ ಬೀಳುತ್ತದೆ. ಹಿಂದಿನ ಗೋಲಂದಾಜರು ಓಲಾಟದಲ್ಲಿ ಗುರಿಯು ಕಣ್ಣಿನ ಮುಂದೆ ಹಾದುಹೋಗುವ ಗಳಿಗೆಗೆ ಕಾದು ಗುಂಡು ಹಾರಿಸುತ್ತಿದ್ದರು. ಸಿಲ್ಲಾ ಎಂಬ ನೌಕೆಯ ಕ್ಯಾಪ್ಟನ್ ಪರ್ಸಿ ಸ್ಕಾಟ್, ಹಡಗು ಎಷ್ಟೇ ಹೊರಳಲಿ, ಏರಿಸುವ ಚಕ್ರವನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದು ಗುರಿಯಿಂದ ಕಣ್ಣು ಜಾರದ ಹಾಗೆ ತನ್ನವರನ್ನು ಪಳಗಿಸಿದರು. ಅಭ್ಯಾಸಕ್ಕೆಂದು ಅವರು ಮಾಡಿಸಿದ ಉಪಕರಣದಲ್ಲಿ, ಗುರಿಯ ಗುರುತು ಬರೆದ ಕಾಗದವೊಂದು ಮೇಲೆ ಕೆಳಗೆ ಸರಿದಾಡುತ್ತಿತ್ತು. ಟ್ರಿಗರ್ ಒತ್ತಿದಾಗಲೆಲ್ಲ ಪೆನ್ಸಿಲ್ಲು ಅದರ ಮೇಲೆ ಚುಕ್ಕೆ ಇಡುತ್ತಿತ್ತು. ಮದ್ದಿನ ಖರ್ಚಿಲ್ಲ, ತಪ್ಪು ಮಾತ್ರ ಕಣ್ಣಿಗೆ ಕಾಣುತ್ತಿತ್ತು. 1899ರ ಪರೀಕ್ಷೆಯಲ್ಲಿ ಸಿಲ್ಲಾ ಹಾರಿಸಿದ 70 ಗುಂಡುಗಳಲ್ಲಿ 56 ತಾಗಿ ನೌಕಾಪಡೆಯೇ ಬೆರಗಾಯಿತು. ಆದರೆ ಆ ಗುರಿ ಇದ್ದದ್ದು ಒಂದೆರಡು ಕಿ.ಮೀ. ಒಳಗೆ.

ದೂರ ಹೆಚ್ಚಿದಂತೆ ಎರಡನೆಯ ತೊಡಕು ಬಂದಿತು: ದೂರ ಎಷ್ಟೆಂದು ತಿಳಿಯುವುದು. ಸ್ಕಾಟ್ಲೆಂಡಿನ ಬಾರ್ ಅಂಡ್ ಸ್ಟ್ರೌಡ್ ಕಂಪನಿಯ ದೂರಮಾಪಕವೆಂದರೆ ಒಂಬತ್ತು ಅಡಿ ಉದ್ದದ ಕೊಳವೆ; ಅದರ ಎರಡೂ ತುದಿಗಳಿಂದ ಬಂದ ಗುರಿಯ ಬಿಂಬಗಳನ್ನು ನಡುವಿನಲ್ಲಿ ಒಂದಕ್ಕೊಂದು ಹೊಂದಿಸಿದರೆ ದೂರ ಓದಬಹುದಿತ್ತು. ತಾವು ಗಣಿತದವರಾದ್ದರಿಂದ ಲೆಕ್ಕ ಹಾಕಿ ನೋಡಿ. ಒಂಬತ್ತು ಅಡಿ ಎಂದರೆ 2.74 ಮೀಟರ್, ಹತ್ತು ಕಿ.ಮೀ. ದೂರದ ಗುರಿಯಲ್ಲಿ ಅದು ಮಾಡುವ ಕೋನ ಸುಮಾರು 57 ಸೆಕೆಂಡು, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗುರಿ ನೂರು ಮೀಟರ್ ಹಿಂದೆ ಸರಿದರೆ ಈ ಕೋನದಲ್ಲಾಗುವ ಬದಲಾವಣೆ ಅರ್ಧ ಸೆಕೆಂಡಿನ ಆಸುಪಾಸು. ಇಂಜಿನ್ನಿನ ನಡುಕ, ಚಿಮಣಿಯ ಹೊಗೆ, ಉಪ್ಪುನೀರಿನ ತುಂತುರು, ಇವುಗಳ ನಡುವೆ ಒಬ್ಬ ಮನುಷ್ಯ ಅಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣಿನಿಂದ ಹಿಡಿಯಬೇಕಿತ್ತು.

ಮೂರನೆಯದು, ಗುಂಡು ಹೋಗಿ ಮುಟ್ಟುವ ಹೊತ್ತಿಗೆ ಗುರಿ ಎಲ್ಲಿರುತ್ತದೆ ಎಂಬುದು. ಹತ್ತು ಕಿ.ಮೀ. ಹಾರಲು ಗುಂಡಿಗೆ ಕಾಲು ನಿಮಿಷ ಬೇಕು. ಇಪ್ಪತ್ತು ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದ ಹಡಗು ಅಷ್ಟರಲ್ಲಿ 150 ಮೀಟರಿಗೂ ಮಿಕ್ಕಿ, ಹೆಚ್ಚುಕಡಿಮೆ ತನ್ನದೇ ಉದ್ದದಷ್ಟು, ಮುಂದೆ ಹೋಗಿರುತ್ತದೆ. ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸುವವರು ಹಾರುವ ಹಕ್ಕಿಗಳ ಹಿಂಡಿನ ಮುಂದಕ್ಕೆ ಕಲ್ಲು ಎಸೆಯುತ್ತಾರಲ್ಲ, ಲೆಕ್ಕ ಅದೇ. ಆದರೆ ಇಲ್ಲಿ ಎಸೆಯುವವನ ಅಟ್ಟವೂ ಓಡುತ್ತಿದೆ. 1902ರ ಸುಮಾರಿಗೆ ಡುಮರೆಸ್ಕ್ ಎಂಬ ಅಧಿಕಾರಿ ಎರಡೂ ಹಡಗುಗಳ ದಿಕ್ಕು ಮತ್ತು ವೇಗವನ್ನು ಹಿತ್ತಾಳೆಯ ಪಟ್ಟಿಗಳ ಮೇಲೆ ಹೊಂದಿಸಿದರೆ, ದೂರವು ನಿಮಿಷಕ್ಕೆ ಎಷ್ಟು ಗಜ ಕಡಿಮೆಯಾಗುತ್ತಿದೆ ಅಥವಾ ಹೆಚ್ಚುತ್ತಿದೆ ಎಂದು ತೋರಿಸುವ ಸಾಧನವನ್ನು ಮಾಡಿದರು. ಆ ಸಂಖ್ಯೆಯನ್ನು ವಿಕರ್ಸ್ ಕಂಪನಿಯ ಗಡಿಯಾರವೊಂದಕ್ಕೆ ಕೊಟ್ಟರೆ, ಅದರ ಮುಳ್ಳು ಗಂಟೆ ನಿಮಿಷಗಳ ಬದಲು ಗಜಗಳನ್ನು ತೋರಿಸುತ್ತ ತಿರುಗುತ್ತಿತ್ತು. ಮುಂದೆ ಇವೆಲ್ಲವನ್ನೂ ಕೂಡಿಸಿದ ಹಲ್ಲುಗಾಲಿಗಳ ದೊಡ್ಡ ಲೆಕ್ಕಯಂತ್ರಗಳು ಬಂದವು: ನೌಕಾಧಿಕಾರಿ ಫ್ರೆಡರಿಕ್ ಡ್ರೇಯರ್ ಹೆಸರಿನ ಟೇಬಲ್ ಒಂದು, ಆರ್ಥರ್ ಪೊಲೆನ್ ಎಂಬ ವ್ಯಾಪಾರಸ್ಥರ ಆರ್ಗೋ ಕ್ಲಾಕ್ ಇನ್ನೊಂದು. ನೌಕಾಪಡೆ ಒಪ್ಪಿಕೊಂಡದ್ದು ಹೆಚ್ಚಾಗಿ ತನ್ನವರ ಯಂತ್ರವನ್ನೇ. ಪೊಲೆನ್‌ಗೆ ಅನ್ಯಾಯವಾಯಿತೆಂದೇ ನಮಗೆ ತೋರುತ್ತದೆ. 1925ರಲ್ಲಿ ರಾಯಲ್ ಕಮಿಷನ್ ಅವರಿಗೆ 30,000 ಪೌಂಡ್ ಕೊಡಿಸಿದ್ದು ಅದಕ್ಕೆ ತಡವಾದ ಪರಿಹಾರ.

ಇಷ್ಟಾದರೂ ಮೊದಲ ಗುಂಡು ತಾಗುವುದು ಅಪರೂಪ. ಆದ್ದರಿಂದ ಹಲವು ತೋಪುಗಳನ್ನು ಒಟ್ಟಿಗೆ ಹಾರಿಸಿ, ನೀರು ಚಿಮ್ಮಿದ ಕಂಬಗಳು ಗುರಿಯ ಈಚೆಗೋ ಆಚೆಗೋ ಎಂದು ಪಟಸ್ತಂಭದ ಮೇಲಿನವರು ನೋಡಿ ತಿದ್ದಿಸುತ್ತಿದ್ದರು. ಬೇರೆ ಬೇರೆ ಗಾತ್ರದ ತೋಪುಗಳಿದ್ದರೆ ಯಾವ ಕಂಬ ಯಾವುದರದೆಂದು ತಿಳಿಯುವುದಿಲ್ಲ. ಡ್ರೆಡ್‌ನಾಟ್ ಮಾದರಿಯಲ್ಲಿ ದೊಡ್ಡ ತೋಪುಗಳೆಲ್ಲ ಒಂದೇ ಗಾತ್ರದವು ಇದ್ದುದರ ಒಂದು ಅನುಕೂಲ ಇದೇ. ಕೊನೆಗೆ ಪರ್ಸಿ ಸ್ಕಾಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಗೆ ಮುಟ್ಟದ ಎತ್ತರದಲ್ಲಿ ಕುಳಿತ ಒಬ್ಬನೇ ಗುರಿಯಿಟ್ಟು, ಒಂದೇ ಕೀಲಿಯಿಂದ ಎಲ್ಲ ತೋಪುಗಳನ್ನೂ ಹಾರಿಸುವ ಡೈರೆಕ್ಟರ್ ಪದ್ಧತಿಯನ್ನು ಹಠ ಹಿಡಿದು ತಂದರು. 1912ರ ನವೆಂಬರಿನಲ್ಲಿ ಈ ಪದ್ಧತಿಯಿದ್ದ ಥಂಡರರ್ ನೌಕೆಯು, ಅದಿಲ್ಲದ ಒರಾಯನ್ ನೌಕೆಗಿಂತ ಹಲವು ಪಟ್ಟು ಹೆಚ್ಚು ಏಟುಗಳನ್ನು ತಾಗಿಸಿತು. ಹಾಗೆಂದು ಯುದ್ಧದಲ್ಲಿ ಪವಾಡವೇನೂ ನಡೆಯಲಿಲ್ಲ. 1916ರ ಮೇ 31ರಂದು ಜಟ್‌ಲ್ಯಾಂಡ್ ಎಂಬಲ್ಲಿ ಬ್ರಿಟನ್ ಮತ್ತು ಜರ್ಮನಿ ಎರಡೂ ಕಡೆಯ ಸುಮಾರು 250 ಹಡಗುಗಳು ಎದುರಾದಾಗ, ಹಾರಿದ ದೊಡ್ಡ ಗುಂಡುಗಳಲ್ಲಿ ತಾಗಿದ್ದು ನೂರಕ್ಕೆ ಮೂರರ ಲೆಕ್ಕದಲ್ಲಿ.

ಪ್ರಶ್ನೆ: ಎಂಡೆನ್ ಕೊನೆಗೆ ಏನಾಯಿತು? (ಮುಧೋಳ)

ಉತ್ತರ: 1914ರ ನವೆಂಬರ್ 9ರಂದು ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆಗೆ ಸಿಕ್ಕಿಬಿದ್ದಿತು. ಎಂಡೆನ್‌ನ 105 ಮಿ.ಮೀ. ತೋಪುಗಳು ಎದುರಾಳಿ ಎಣಿಸಿದ್ದಕ್ಕಿಂತ ದೂರ ಹಾರಿಸಿ, ಆರಂಭದಲ್ಲೇ ಸಿಡ್ನಿಯ ದೂರಮಾಪಕವನ್ನು ಕೆಡಿಸಿದವು. ಆದರೆ ಎಂಡೆನ್‌ನ ಒಂದು ಗುಂಡು 17 ಕಿಲೋ, ಸಿಡ್ನಿಯದು 45 ಕಿಲೋ. ವೇಗವೂ ಸಿಡ್ನಿಯದೇ ಹೆಚ್ಚು. ಅದು ದೂರ ಸರಿದು ನಿಂತು ಹೊಡೆಯುತ್ತ ಹೋಯಿತು. ಹಡಗು ಮುಳುಗಬಾರದೆಂದು ಕ್ಯಾಪ್ಟನ್ ಮುಲ್ಲರ್ ಎಂಡೆನ್ ನೌಕೆಯನ್ನು ನಾರ್ತ್ ಕೀಲಿಂಗ್ ದ್ವೀಪದ ದಂಡೆಗೆ ಏರಿಸಿ ಸೆರೆಯಾದರು. ತಮಿಳಿನಲ್ಲಿ ಚಾಲಾಕಿಗೆ ಇಂದಿಗೂ ‘ಎಂಡೆನ್’ ಎನ್ನುವುದು ಈ ಹಡಗಿನಿಂದಲೇ.

ಪ್ರಶ್ನೆ: ತೋಪಿನ ಮದ್ದನ್ನು ರೇಷ್ಮೆಯ ಚೀಲದಲ್ಲಿ ತುಂಬುತ್ತಿದ್ದರೆಂದು ಕೇಳಿದೆ. ಸುಡುವ ವಸ್ತುವಿಗೆ ಅಷ್ಟು ಬೆಲೆಯ ಬಟ್ಟೆ ಏಕೆ? (ನೇಕಾರ ಕುಟುಂಬದ ಓದುಗರು, ಇಳಕಲ್ಲ)

ಉತ್ತರ: ಇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇದೆ. ಸೆರಗಿನ ಎಳೆ ಅಪ್ಪಟ ರೇಷ್ಮೆಯೋ ಅಲ್ಲವೋ ಎಂದು ನೋಡಲು ನೀವು ಒಂದು ಎಳೆಗೆ ಕಡ್ಡಿ ಗೀರಿ ಹಿಡಿಯುತ್ತೀರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಎಳೆ ಮುದುಡಿ, ಕಡ್ಡಿ ತೆಗೆದೊಡನೆ ಉರಿ ತಾನಾಗಿ ಆರುತ್ತದೆ; ತುದಿಯಲ್ಲಿ ಉಳಿದ ಕರಿಯ ಹರಳನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಹತ್ತಿಯ ಎಳೆಯಾದರೆ ಜ್ವಾಲೆ ಆರಿದ ಮೇಲೂ ತುದಿಯಲ್ಲಿ ಕೆಂಡ ಮಿನುಗುತ್ತ ಒಳಕ್ಕೆ ಸರಿಯುತ್ತದೆ. ಆ ಕೆಂಡದ ಚೂರೊಂದು ನಳಿಗೆಯಲ್ಲಿ ಉಳಿದಿದ್ದು, ಅದರ ಮೇಲೆ ಮುಂದಿನ ಚೀಲವನ್ನು ದಬ್ಬಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಕೆಂಡ ಉಳಿಸದ ಬಟ್ಟೆ ಎಂಬ ಕಾರಣಕ್ಕೇ ರೇಷ್ಮೆ. ಡ್ರೆಡ್‌ನಾಟ್‌ನ ಒಂದು ಗುಂಡಿಗೆ ಸುಮಾರು 117 ಕಿಲೋ ಕಾರ್ಡೈಟು ಬೇಕಾಗುತ್ತಿತ್ತು. ಅದು ಬೇಗ ಹೊತ್ತಿಕೊಳ್ಳಲೆಂದು ಚೀಲದ ತುದಿಗೆ ತುಸು ಕರಿಮದ್ದನ್ನೂ ಹೊಲಿಯುತ್ತಿದ್ದರು.

ಆದರೆ ರೇಷ್ಮೆ ನಳಿಗೆಯೊಳಗೆ ಕಾಪಾಡಿತೇ ಹೊರತು ಹೊರಗಲ್ಲ. ಜರ್ಮನರು ಮದ್ದಿನ ಮುಖ್ಯ ಭಾಗವನ್ನು ಹಿತ್ತಾಳೆಯ ಡಬ್ಬಿಯಲ್ಲಿಡುತ್ತಿದ್ದರು. ಬ್ರಿಟಿಷರ ಚೀಲಗಳು ಮದ್ದಿನ ಕೋಣೆಯಿಂದ ಟರೆಟ್‌ವರೆಗೆ ಬರಿಮೈಯಲ್ಲೇ ಏರಿ ಬರುತ್ತಿದ್ದವು. 1915ರ ಜನವರಿ 24ರ ಡಾಗರ್ ಬ್ಯಾಂಕ್ ಕದನದಲ್ಲಿ ಜರ್ಮನಿಯ ಸೈಡ್ಲಿಟ್ಸ್ ನೌಕೆಯ ಹಿಂದಿನ ಎರಡೂ ಟರೆಟ್‌ಗಳು ಒಂದೇ ಏಟಿಗೆ ಸುಟ್ಟು 160ರಷ್ಟು ಜನ ಸತ್ತರು. ಮದ್ದಿನ ಕೋಣೆಗಳಿಗೆ ನೀರು ಬಿಟ್ಟು ಹಡಗನ್ನು ಉಳಿಸಿಕೊಂಡ ಜರ್ಮನರು, ಅಂದಿನಿಂದ ಕೋಣೆಯ ಹೊರಗೆ ಚೀಲ ಪೇರಿಸುವುದನ್ನು ಕಡಿಮೆ ಮಾಡಿದರು. ಬ್ರಿಟಿಷ್ ಬ್ಯಾಟಲ್‌ಕ್ರೂಸರುಗಳಲ್ಲಿ (ವೇಗಕ್ಕಾಗಿ ಕವಚ ತೆಳುಮಾಡಿದ ದೊಡ್ಡ ಯುದ್ಧನೌಕೆಗಳು) ನಡೆದದ್ದು ಇದಕ್ಕೆ ತದ್ವಿರುದ್ಧ. ಬೇಗ ಬೇಗ ಹಾರಿಸಬೇಕೆಂಬ ಅವಸರದಲ್ಲಿ ಬಾಗಿಲುಗಳನ್ನು ತೆರೆದಿಟ್ಟು, ಚೀಲಗಳನ್ನು ಹೊರಗೆ ರಾಶಿ ಹಾಕಿಕೊಂಡಿದ್ದರು. ಜಟ್‌ಲ್ಯಾಂಡಿನಲ್ಲಿ ಇನ್‌ಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಎಂಬ ಮೂರು ನೌಕೆಗಳು ಒಂದೇ ಮಧ್ಯಾಹ್ನ, ಸಂಜೆಯೊಳಗೆ ಸಿಡಿದು ಹೋಳಾದವು. 3,300ರಷ್ಟು ಜನ ಹೋದರು. ಲಯನ್ ನೌಕೆಯ ನಡುವಿನ ಟರೆಟ್‌ಗೂ ಅಂಥದೇ ಏಟು ಬಿದ್ದಿತ್ತು. ಮಾರಣಾಂತಿಕವಾಗಿ ಗಾಯಗೊಂಡಿದ್ದ ಮೇಜರ್ ಫ್ರಾನ್ಸಿಸ್ ಹಾರ್ವೆ, ಮದ್ದಿನ ಕೋಣೆಯ ಬಾಗಿಲು ಮುಚ್ಚಿ ನೀರು ತುಂಬಿಸಿರೆಂದು ಮಾತುಕೊಳವೆಯಲ್ಲಿ ಆಜ್ಞೆ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಟರೆಟ್‌ನಲ್ಲಿ ಉಳಿದಿದ್ದ ಚೀಲಗಳು ಹೊತ್ತಿಕೊಂಡು, ಉರಿ ಕೆಳಗಿನವರೆಗೂ ಧಾವಿಸಿತು; ಅಷ್ಟರಲ್ಲಿ ಕೋಣೆಯಲ್ಲಿ ನೀರಿತ್ತು.

ಪ್ರಶ್ನೆ: ಗೋವಾದ ಸಮುದ್ರದಲ್ಲಿ ನಿಂತ ಆ ಕಾಲದ ಹಡಗಿನ ಗುಂಡು ಬೆಳಗಾವಿಗೆ ಮುಟ್ಟುತ್ತಿತ್ತೇ? (ಶಹಾಪುರ, ಬೆಳಗಾವಿ)

ಉತ್ತರ: ಇಲ್ಲ. ನೆಟ್ಟಗೆ ಅಳೆದರೂ ಕಡಲು ನಮ್ಮಿಂದ 85ರಿಂದ 90 ಕಿ.ಮೀ. ದೂರವಿದೆ. ಮೊದಲ ಮಹಾಯುದ್ಧದ ಬ್ರಿಟಿಷ್ ನೌಕೆಗಳ 15 ಇಂಚಿನ ತೋಪು, 871 ಕಿಲೋ ಗುಂಡನ್ನು ಹಾರಿಸುತ್ತಿದ್ದರೂ, ಟರೆಟ್ ಒಳಗೆ 20 ಡಿಗ್ರಿಗಿಂತ ಹೆಚ್ಚು ಏರಲಾರದ್ದರಿಂದ ಸುಮಾರು 22 ಕಿ.ಮೀ. ಆಚೆಗೆ ಮುಟ್ಟುತ್ತಿರಲಿಲ್ಲ, ಎಂಡೆನ್‌ನಂಥದು 12 ಕಿ.ಮೀ. ಎಂದರೆ ಹೆಚ್ಚು. ಆದರೆ ನೌಕೆಯ ತೋಪೊಂದು ನೆಲದ ಮೇಲೆ ಆ ದೂರವನ್ನು ದಾಟಿದ್ದುಂಟು. ಜರ್ಮನರು 38 ಸೆಂ.ಮೀ. ನೌಕಾ ತೋಪಿನೊಳಗೆ 21 ಸೆಂ.ಮೀ. ಅಗಲದ ಉದ್ದನೆಯ ನಳಿಗೆ ತೂರಿಸಿ, ನೌಕಾಪಡೆಯ ಸಿಬ್ಬಂದಿಯನ್ನೇ ನಿಲ್ಲಿಸಿ, 1918ರ ಮಾರ್ಚ್ 23ರಿಂದ ಸುಮಾರು 120 ಕಿ.ಮೀ. ದೂರದ ಪ್ಯಾರಿಸ್ ನಗರದ ಮೇಲೆ ಗುಂಡು ಹಾರಿಸಿದರು. ಒಂದೊಂದು ಗುಂಡಿಗೂ ನಳಿಗೆ ಎಷ್ಟು ಸವೆಯುತ್ತಿತ್ತೆಂದರೆ, ಗುಂಡುಗಳನ್ನು ಒಂದಕ್ಕಿಂತ ಒಂದು ತುಸು ದಪ್ಪ ಮಾಡಿ, ನಂಬರು ಹಾಕಿ, ಆ ಸರದಿಯಲ್ಲೇ ತುಂಬುತ್ತಿದ್ದರು.